ಲಾಯದ ಬೀದಿಯ ಪಂಚಕದ ಕಂಡಿ

ಗೋಡೆಗೆ ಜೀವ ಬಂದ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ, ನಮ್ಮನೆಗೆ ಬಂದು ನೋಡ್ರಪ್ಪಾ ಅಂತೀನಿ. ಬರೋದಕ್ಕೆ ಬಾಗಿಲಿಲ್ಲ, ಅದು ಬೇರೆ ಮಾತು.

ನನ್ನ ಹೆಸರು ಪ್ರಭಾಮಣಿ. ದೇವರಾಜಪಟ್ಟಣದ ಕೋಟೆ ಒಳಗೆ ಲಾಯದ ಬೀದಿ ಅಂತ ಇದೆ. ಹಿಂದೆ ರಾಜರು ಕುದುರೆ ಸವಾರರಿಗೆ ಕಟ್ಟಿಸಿಕೊಟ್ಟ ಮನೆಗಳ ಸಾಲು, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಅದರ ಕೊನೇ ಮನೆ ನಮ್ಮದು, ಪಕ್ಕದಲ್ಲಿ ಒಂದು ಸಂದಿ. ನಾನು ಸಂಬಳಕ್ಕೆ ಕೆಲಸ ಮಾಡೋದು ಇದೇ ಗೋಡೆಗಳನ್ನ ಕಾಯೋ ಕಾವಲುಮನೇಲಿ. ಹಾಗಾಗಿ ನಮ್ಮನೆ ಬಾಗಿಲು ಮುಚ್ಚಿಹೋಗೋದನ್ನ ಮನೇಲಿ ಕೂತೂ ನೋಡಿದೆ, ಕಚೇರಿ ಪರದೆ ಮೇಲೂ ನೋಡಿದೆ. ಇಂಥ ಭಾಗ್ಯ ಯಾರಿಗೂ ಬೇಡ ತಾಯಿ.

ಮೊದಲು ಗಾರೆಹುಳದ ವಿಷಯ ಹೇಳಿಬಿಡ್ತೀನಿ. ಹುಳ ಅಂತ ನಾವು ಬಾಯಿಗೆ ಬಂದ ಹಾಗೆ ಕರೆಯೋದು, ಅದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ. ಹಳೇ ಸುಣ್ಣದ ಗಾರೆ ಒಳಗೆ ಬಿಟ್ಟರೆ ತೇವ, ಗಾಳಿ, ಒಂದಿಷ್ಟು ಸಕ್ಕರೆ ನೀರು ಹೀರಿಕೊಂಡು ಸುಣ್ಣ ಕಕ್ಕುತ್ತೆ. ಗೋಡೆ ಒಳಗೆ ಕೂದಲಿನಂಥ ತಂತಿ ಹಾಯಿಸಿರ್ತಾರೆ. ಎಲ್ಲಿ ಬೆಳೀಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಕರಗಿಸಬೇಕು ಅಂತ ಹುಳಕ್ಕೆ ಹೇಳೋದು ಆ ತಂತಿ. ತಂತಿಗೆ ಹೇಳೋದು ಕಾವಲುಮನೇಲಿರೋ ಮೂಲನಕ್ಷೆ. ಒಂದ್ಸಲ ಮೂಲನಕ್ಷೆ ತೆಗೆದಿಟ್ಟರೆ ಮುಗೀತು. ಬಿರುಕು ಬಿಟ್ಟರೆ ಗೋಡೆ ತಾನೇ ಮುಚ್ಚಿಕೊಳ್ಳುತ್ತೆ. ಯಾರಾದ್ರೂ ಕದ್ದು ಕಿಟಕಿ ಕೊರೆದರೆ ಅದನ್ನೂ ಮುಚ್ಚುತ್ತೆ. ಮೇಲೆ ಸಿಮೆಂಟು ಮೆತ್ತಿದರೆ ತಿಂದುಹಾಕುತ್ತೆ. ಹುಳ ಬಂದಮೇಲೆ ನಮ್ಮೂರಲ್ಲಿ ಒಂದು ಹಳೇ ಕಟ್ಟಡವೂ ಬಿದ್ದಿಲ್ಲ, ಅದನ್ನ ಒಪ್ಪಲೇಬೇಕು.

ಬಿದ್ದಿದ್ದು ಒಂದೇ, ಗಡಿಯಾರದ ಚಾವಡಿ. ಅದೂ ಹುಳದ ತಪ್ಪಲ್ಲ. ಜಾಗದ ಮೇಲೆ ಕಣ್ಣಿಟ್ಟಿದ್ದ ಒಬ್ಬ ಪುಣ್ಯಾತ್ಮ ಮೂಲನಕ್ಷೆಯೇ ತಪ್ಪು ಅಂತ ತಗಾದೆ ತೆಗೆದ. ಸತ್ತುಹೋದ ತನ್ನ ತಾತ ಮಾತಾಡ್ತಿರೋ ಹಾಗೆ ಚಿತ್ರ ಹುಟ್ಟಿಸಿ, ತಾತನ ಬಾಯಲ್ಲೇ ಸಾಕ್ಷಿ ಹೇಳಿಸಿದ. ಅಧಿಕಾರಿಗಳು ನಂಬಿ ನಕ್ಷೆ ತಿದ್ದಿದರು. ಹುಳ ಪಾಪ ಹೇಳಿದ ಕೆಲಸ ಮಾಡ್ತು, ಇಡೀ ಚಾವಡಿಯನ್ನ ಕರಗಿಸಿ ಕೆಸರು ಮಾಡಿ ಹರಿಸಿಬಿಡ್ತು. ಆಮೇಲೆ ಜನ ದಂಗೆ ಎದ್ದು, ನಕ್ಷೆ ತಿದ್ದೋ ಅಧಿಕಾರ ಆಯಾ ಬೀದಿಯವರ ಕೈಗೇ ಬಂತು. ಅದೇ ಗೆರೆಸಭೆ.

ಗೆರೆಸಭೆಯಲ್ಲಿ ಕಾಗದದ ವ್ಯವಹಾರ ಇಲ್ಲ. ಕಿಟಕಿಯೋ ಬಾಗಿಲೋ ಏನು ಬದಲಾಗಬೇಕೋ ಅದನ್ನ ಅದೇ ಗೋಡೆ ಮೇಲೆ, ಅದೇ ಅಳತೆಗೆ, ಸೀಮೆಸುಣ್ಣದಲ್ಲಿ ಬರೀಬೇಕು. ಅಮಾವಾಸ್ಯೆಗೆ ಗೆರೆ ಎಳೆದರೆ ಹುಣ್ಣಿಮೆವರೆಗೆ ಅದು ಹಾಗೇ ಇರಬೇಕು. ಹೋಗೋರು ಬರೋರು ನೋಡ್ತಾರೆ, ಬಾಯಿಗೆ ಬಂದಿದ್ದು ಹೇಳ್ತಾರೆ. ಹುಣ್ಣಿಮೆ ದಿನ ಐದು ಜನ ಸಭಿಕರು ಎದುರು ಜಗಲಿ ಮೇಲೆ ಕೂರ್ತಾರೆ. ಸಾಕ್ಷಿ ಹೇಳೋರು ಸ್ವಂತ ಮೈ ಹೊತ್ತುಕೊಂಡು ಗೋಡೆ ಮುಂದೆ ಬಂದು ನಿಲ್ಲಬೇಕು, ಯಾಕಂದ್ರೆ ಈಗ ಯಾರ ಮುಖ, ಯಾರ ದನಿ ಬೇಕಾದ್ರೂ ಫೋನಲ್ಲಿ ಹುಟ್ಟಿಸಬಹುದು. ಒಪ್ಪದೇ ಇರೋರು ಒದ್ದೆ ಬಟ್ಟೆ ತಗೊಂಡು ಎಲ್ಲರ ಎದುರಿಗೆ ತಾವೇ ಕೈಯಾರೆ ಗೆರೆ ಅಳಿಸಬೇಕು. ಗೆರೆ ಉಳಿದರೆ ಐದೂ ಜನ ಹೆಬ್ಬೆಟ್ಟು ಒತ್ತುತ್ತಾರೆ, ನಕ್ಷೆ ಬದಲಾಗುತ್ತೆ. ಈ ಪದ್ಧತಿ ಕೆಟ್ಟದ್ದು ಅಂತ ನಾನು ಇವತ್ತಿಗೂ ಅನ್ನಲ್ಲ.

ನಮ್ಮ ಗ್ರಹಚಾರ ಶುರುವಾಗಿದ್ದು ನಮ್ಮತ್ತೆ ಸತ್ತಾಗ. ವಯಸ್ಸಾಗಿತ್ತು, ನಿದ್ದೇಲೇ ಹೋದರು. ಆದರೆ ಹೋಗಿದ್ದು ಧನಿಷ್ಠಾ ಪಂಚಕದಲ್ಲಿ. ಆ ಐದು ನಕ್ಷತ್ರದ ಗಳಿಗೆಯಲ್ಲಿ ಮನೇಲಿ ಸಾವಾದ್ರೆ ಒಂದರ ಹಿಂದೆ ಐದು ಸಾವು ಅಂತ ನಮ್ಮ ಕಡೆ ನಂಬಿಕೆ. ಹೆಣವನ್ನ ಬಾಗಿಲಿಂದ ತೆಗೀಬಾರದು, ಗೋಡೆ ಒಡೆದು ತೆಗೀಬೇಕು. ಬಾಗಿಲಿಗೆ ಮುಳ್ಳು ಬಡಿದು ಮೂರು ತಿಂಗಳು ಮನೆ ಬಿಡಬೇಕು. ವಾಪಸ್ ಬರೋವಾಗ ಆ ಕಂಡಿ ಮುಚ್ಚಿ, ಶಾಂತಿ ಮಾಡಿಸಿ, ಬಾಗಿಲಿಂದ ಬರಬೇಕು. ಜೀವ ಇರೋರು ಯಾವತ್ತೂ ಆ ಕಂಡೀಲಿ ಓಡಾಡಬಾರದು. ನನಗೆ ಇದರಲ್ಲೆಲ್ಲ ಅಂಥ ನಂಬಿಕೆ ಇಲ್ಲ. ಆದರೆ ಅಲಮೇಲು ಅತ್ತಿಗೆಗಿತ್ತು.

ಅಲಮೇಲು ಅತ್ತಿಗೆ ನಮ್ಮನೆಯವರ ಅಕ್ಕ. ಚಿಕ್ಕವರಿದ್ದಾಗ ಮಹಡಿ ಮೆಟ್ಟಿಲಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಗಾಲಿ ಕುರ್ಚಿಯೇ ಕಾಲು. ಗಟ್ಟಿ ದೇಹ, ಅದಕ್ಕಿಂತ ಗಟ್ಟಿ ಬಾಯಿ. ಹಜಾರದಲ್ಲಿ ಹೊಲಿಗೆ ಮಿಷನ್ ಇಟ್ಕೊಂಡು ಕೂತರೆ ಬೀದಿಯ ಅಷ್ಟೂ ಹೆಂಗಸರ ರವಿಕೆ, ಅಷ್ಟೂ ಹೆಂಗಸರ ಗುಟ್ಟು ಅವರ ಹತ್ತಿರ. ಸಂಜೆ ಆದರೆ ಬಾಗಿಲಿಂದ ಜಗಲಿಗೆ ಕುರ್ಚಿ ಉರುಳಿಸಿಕೊಂಡು ಹೋಗಿ ಕೂತು ಹೋಗೋರನ್ನೆಲ್ಲ ಮಾತಾಡಿಸಬೇಕು. ಆ ಒಂದು ಗಂಟೆ ಅವರ ಪ್ರಾಣ.

ಅವರಮ್ಮನನ್ನ ಸಂದಿ ಕಡೆ ಗೋಡೆ ಒಡೆದು ತೆಗೆದರು. ಚಟ್ಟಕ್ಕೆ ಹೆಗಲು ಕೊಟ್ಟೋರಲ್ಲಿ ಪಕ್ಕದ ಮನೆ ಸಂಪತ್ತಯ್ಯ ಮೇಷ್ಟ್ರೂ ಒಬ್ಬರು, ಅದನ್ನ ನೆನಪಿಟ್ಕೊಳಿ. ನಾವೆಲ್ಲ ಬಾಗಿಲಿಂದ ಹೊರಗೆ ಬಂದು ಅದಕ್ಕೆ ಮುಳ್ಳು ಬಡಿದ್ವಿ. ಬೀದಿ ಮಕ್ಕಳು ಮುಳ್ಳು ನೋಡಿ ಹೆದರಬಾರದು ಅಂತ ನಮ್ಮನೆಯವರು ಅದರ ಮುಂದೆ ಹಸಿ ಇಟ್ಟಿಗೆ ಕಟ್ಟಿ ಅಚ್ಚುಕಟ್ಟಾಗಿ ಸುಣ್ಣ ಬಳಿದರು. ಅವರಿಗೆ ಯಾವಾಗಲೂ ಹಾಗೆ, ಕೆಲಸ ಅಂದ್ರೆ ನೀಟು. ಕಂಡಿಗೆ ಒಂದು ಬಿದಿರು ತಡಿಕೆ ಒರಗಿಸಿ, ನಂಜನಗೂಡಿನಲ್ಲಿ ನನ್ನ ತವರಿಗೆ ಹೋದ್ವಿ.

ನಾವಿಲ್ಲದಾಗ ನಕ್ಷೆಯವರು ಗೋಡೆಗೆ ತರಂಗ ಬಿಟ್ಟು ಅಳೆಯೋ ಗಾಡಿ ತಂದು ಇಡೀ ಬೀದಿಯ ಅಳತೆ ತೆಗೆದುಕೊಂಡು ಹೋದರು. ಬೇರೆ ಮನೆಗಳಲ್ಲಿ ಮಂಚ ಸರಿಸಿ, ಬೀರು ಸರಿಸಿ ಅಂತ ರಗಳೆ, ನಮ್ಮದು ಖಾಲಿ. ಆರಾಮಾಗಿ ಅಳೆದರು. ಮುಂದೆ ಗೋಡೆ, ಸಂದಿಗೆ ಬಾಗಿಲು ಅಂತ ಮೂಲನಕ್ಷೆ ಮಾಡಿ, ಹುಳ ಬಿಟ್ಟರು.

ವಾಪಸ್ ಬಂದು ಬಾಗಿಲ ಮುಂದಿನ ಇಟ್ಟಿಗೆ ಒಡೆದು, ಮುಳ್ಳು ಕಿತ್ತು, ಕಂಡಿಗೆ ಇಟ್ಟಿಗೆ ಕಟ್ಟಿ, ಶಾಂತಿ ಮಾಡಿಸಿ ಸಂಸಾರ ಹೂಡಿದ್ವಿ. ಒಂದು ತಿಂಗಳಾದ ಮೇಲೆ ಕಾವಲುಮನೇಲಿ ನಮ್ಮ ಬೀದಿ ಪರದೆಗೆ ಬಂದಾಗ ಕೊನೇ ಮನೆ ಕೆಂಪಗೆ ಮಿನುಗ್ತಾ ಇತ್ತು. 'ವ್ಯತ್ಯಾಸ: ಎರಡು.' ಓಡಿಹೋಗಿ ಫಿರ್ದೋಸ್ ಮೇಡಂಗೆ ಹೇಳಿದೆ. ಅವರು ನಮ್ಮ ಇಂಜಿನಿಯರು, ಒಳ್ಳೇ ಹೆಂಗಸು.

"ಇದು ಬಾಗಿಲು ಮೇಡಂ, ಗೋಡೆ ಅಲ್ಲ. ನಾನು ದಿನಾ ರಂಗೋಲಿ ಬಿಡ್ತೀನಿ ಅಲ್ಲಿ."

"ನೀವು ಹೇಳಿದ್ದು ನಾನು ನಂಬ್ತೀನಿ ಪ್ರಭಾ. ಆದರೆ ಹುಳಕ್ಕೆ ನಂಬಿಕೆ ಅಂತ ಇಲ್ವಲ್ಲ. ಐದು ಹೆಬ್ಬೆಟ್ಟು ಬೇಕು."

"ನಮ್ಮನೆ ಒಂದಕ್ಕೆ ನೀರು ನಿಲ್ಲಿಸಿಬಿಡಿ ಹಾಗಾದ್ರೆ."

"ನಿಮ್ಮ ಗೋಡೆಗೆ ಪಕ್ಕದವರ ಗೋಡೆ ಅಂಟಿದೆಯಲ್ಲ, ನಾಳ ಒಂದೇ. ನಿಲ್ಲಿಸಿದ್ರೆ ಇಡೀ ಸಾಲಿನ ಹುಳ ಸಾಯುತ್ತೆ. ಸತ್ತ ಹುಳದ ಗೋಡೆ ಮೊದಲಿಗಿಂತ ಪೊಳ್ಳು. ಒಂದು ಮಳೆಗೆ ಬೀಳುತ್ತೆ, ಒಳಗೆ ಜನ ಇರೋ ಹಾಗೇ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೆರೆಸಭೆಗೆ ಹೆಸರು ಕೊಡಿ. ಬೇಗ ಸರದಿ ಬರುತ್ತೆ."

ಎಲ್ಲಿಂದ ಬೇಗ! ಕೋಟೆ ಒಳಗಿನ ಅಷ್ಟೂ ಬೀದಿಯ ಕಿಟಕಿ, ಮೋರಿ, ತುಳಸಿಕಟ್ಟೆಗಳ ಸರದಿ ಮುಗಿದು ನಮ್ಮದು ಬರಬೇಕು. ಮೊದಲ ವರ್ಷ ನಾವು ಅದನ್ನ ಅಷ್ಟಾಗಿ ಹಚ್ಚಿಕೊಳ್ಳಲೇ ಇಲ್ಲ. ತಿಂಗಳಿಗೆ ಒಂದು ಬೆರಳಿನಷ್ಟು ಬಾಗಿಲು ಕಿರಿದಾಗ್ತಿತ್ತು, ಮಳೆಗಾಲದಲ್ಲಿ ಎರಡು ಬೆರಳು. ಅತ್ತಿಗೆ ತಮಾಷೆ ಮಾಡ್ತಿದ್ದರು, "ನಾನು ದಪ್ಪ ಆಗ್ತಿದೀನೋ ಬಾಗಿಲು ಸಣ್ಣ ಆಗ್ತಿದೆಯೋ ನೋಡೇ ಪ್ರಭಾ" ಅಂತ. ನಮ್ಮನೆಯವರು ಬೆಳಿಗ್ಗೆ ಎದ್ದು ಉಳಿ ಹಿಡಿದು ಕೆತ್ತೋರು. ಕೆತ್ತಿದ್ದನ್ನ ಹುಳ ಗಾಯ ಅಂತ ತಿಳಿದು ಎರಡರಷ್ಟು ಬೆಳೀತು, ಅದೂ ಕಲ್ಲಿನ ಹಾಗೆ. ಕೆತ್ತೋದು ಬಿಟ್ಟರು. ಅವರ ಅಂಗೈ ಬೊಬ್ಬೆ ಒಣಗೋದಕ್ಕೆ ತಿಂಗಳು ಹಿಡೀತು.

ಅತ್ತ ಕಂಡಿ ತಾನಾಗೇ ತೆರೀತಾ ಬಂತು. ನಾವು ಕಟ್ಟಿದ ಇಟ್ಟಿಗೆಯನ್ನ ಹುಳ ಪುಡಿಪುಡಿ ಮಾಡಿ ಉದುರಿಸ್ತು. ಮತ್ತೆ ಕಟ್ಟಿದ್ವಿ, ಮತ್ತೆ ಉದುರಿಸ್ತು. ಬರೀ ತೆರೆದಿದ್ದರೆ ಸುಮ್ಮನಿರಬಹುದಿತ್ತು. ಪಕ್ಕದ ಮನೆಗಳ ಬಾಗಿಲು ನೋಡಿ ಕಲಿತುಕೊಂಡು, ಆ ಒಡಕಿನ ಅಂಚಿಗೆಲ್ಲ ಕಮಾನು ಮಾಡ್ತು, ಕಮಾನಿಗೆ ಬಳ್ಳಿ, ಬಳ್ಳಿಗೆ ಹೂವು. ಅಯ್ಯೋ, ಏನು ಚೆಂದ ಅಂತೀರಾ! ಹೆಣ ತೆಗೆದ ಕಂಡಿ ಅರಮನೆ ಬಾಗಿಲಿನ ಹಾಗೆ ನಿಂತಿತು. ನೋಡೋದಕ್ಕೆ ಜನ ಬರೋದಕ್ಕೆ ಶುರು ಮಾಡಿದರು. ಮದುವೆ ಜೋಡಿಗಳು ಫೋಟೋ ತೆಗೆಸಿಕೊಳ್ಳೋಕೆ ಬಂದರು.

ಹಾಗೆ ಬಂದವರಲ್ಲಿ ಒಬ್ಬಳು ಸಂಪತ್ತಯ್ಯ ಮೇಷ್ಟ್ರ ಮಗಳು ವಿನುತ. ನಮ್ಮ ಅತ್ತಿಗೆ ತೊಡೆ ಮೇಲೆ ಆಡಿ ಬೆಳೆದ ಹುಡುಗಿ, ಸೂಜಿಗೆ ದಾರ ಪೋಣಿಸೋದು ಕಲಿತಿದ್ದೂ ಅವರ ಹತ್ತಿರವೇ. ಅತ್ತೆ ಸತ್ತಾಗ ಅವಳು ಹಾಸ್ಟೆಲಿನಲ್ಲಿದ್ದಳು, ಕಂಡಿ ವಿಷಯ ಅವಳಿಗೆ ಗೊತ್ತಿಲ್ಲ. ಧಾರೆ ಸೀರೆ ಉಟ್ಟುಕೊಂಡು ಗಂಡನ ಕೈ ಹಿಡಿದು ಕಂಡಿಯ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು ನಿಂತಳು. ಒಳಗಿಂದ ಅತ್ತಿಗೆ "ಬೇಡ ಕಣೇ, ಅಲ್ಲಿ ನಿಲ್ಲಬೇಡ್ವೇ" ಅಂತ ಕೂಗಿದ್ದು ವಾಲಗದ ಸದ್ದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಛತ್ರದಲ್ಲಿ ಬೀಗರ ಉಪಚಾರದಲ್ಲಿದ್ದರು. ಅವರಿಗೆ ಗೊತ್ತಾಗಿದ್ದು ಆಮೇಲೆ ಫೋಟೋ ನೋಡಿದಾಗ.

ಮೂರನೇ ವರ್ಷ ನಮ್ಮ ಸರದಿ ಬರೋ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ನುಸುಳಬಹುದಿತ್ತು, ಅಷ್ಟೇ. ಗಾಲಿ ಕುರ್ಚಿ ಹೊರಗೆ ಹೋಗಿ ಎಷ್ಟೋ ಕಾಲವಾಗಿತ್ತು. ಬೇರೆ ಮನೆ ಮಾಡ್ಕೊಳ್ಳಿ ಅಂತ ಬುದ್ಧಿ ಹೇಳಿದವರಿದ್ದಾರೆ. ಹೊರಗೆ ಬಂದ್ರೆ ತಾನೆ ಸ್ವಾಮಿ ಬೇರೆ ಮನೆ? ಕಂಡೀಲಿ ಕರ್ಕೊಂಡು ಹೋಗ್ತೀವಿ ಅಂದ್ರೆ ಅತ್ತಿಗೆ ಕುರ್ಚಿ ಗಾಲಿಗೆ ಎರಡೂ ಕೈ ಅಡ್ಡ ಹಿಡಿದು, "ನನ್ನ ಹೆಣ ಬೇಕಾದ್ರೆ ತಗೊಂಡು ಹೋಗಿ" ಅಂತಿದ್ದರು. ರವಿಕೆ ಹೊಲಿಸೋರು ಬರೋದು ನಿಂತಿತು. ಹಿಂದೆಲ್ಲ ಒಂದು ಮಾತಿಗೆ ಹತ್ತು ಮಾತಾಡ್ತಿದ್ದವರು, ಕಿರಿದಾದ ಸೀಳಲ್ಲಿ ಕಾಣೋ ಅಷ್ಟೇ ಬೀದಿಯನ್ನ ಸುಮ್ಮನೆ ನೋಡ್ತಾ ಕೂರೋರು. ಕೂತೂ ಕೂತೂ ಬೆನ್ನಲ್ಲಿ ಹುಣ್ಣಾಯಿತು. ಮುಲಾಮು ಹಚ್ಚೋವಾಗ ನಾನು ಅತ್ತುಬಿಡ್ತಿದ್ದೆ.

ಅಮಾವಾಸ್ಯೆಗೆ ನಮ್ಮನೆಯವರು ಬಾಗಿಲಿನ ಹಳೇ ಅಳತೆಗೆ ಗೆರೆ ಎಳೆದರು. ಹುಣ್ಣಿಮೆಗೆ ಸಭೆ ಕೂತಿತು. ಸಭೆಗೆ ಹಿರಿಯರು ಸಂಪತ್ತಯ್ಯ ಮೇಷ್ಟ್ರೇ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡ್ತಿದ್ದವರು, ಚಾವಡಿ ಬಿದ್ದಾಗ ಧರಣಿ ಕೂತು ಗೆರೆಸಭೆ ತಂದವರು, ಈ ಬೀದಿ ಉಳಿದಿದ್ದೇ ಅವರಿಂದ. ನಾನು ಹೇಳಿದೆ, ನಮ್ಮನೆಯವರು ಹೇಳಿದರು. ಅತ್ತೆ ಸತ್ತಿದ್ದು, ಪಂಚಕ, ಮುಳ್ಳು, ಕಂಡಿ, ಎಲ್ಲ. ಮೇಷ್ಟ್ರ ಕಡೆ ನೋಡಿದೆ. ಹೆಗಲು ಕೊಟ್ಟ ಮನುಷ್ಯ, ಹೌದು ಅಂತ ಒಂದು ಮಾತು ಹೇಳಬೇಕಾಗಿತ್ತು.

ಅವರು ಎದ್ದು ಬಕೆಟ್ಟಿಗೆ ಬಟ್ಟೆ ಅದ್ದಿದರು.

"ಗಡಿಯಾರದ ಚಾವಡಿ ಹೋಗಿದ್ದು ಬಾಯಿಮಾತಿನಿಂದ" ಅಂದರು, ಯಾರ ಮುಖವನ್ನೂ ನೋಡದೆ. "ಗಂಡ ಹೆಂಡತಿ ಇಬ್ಬರೂ ಒಂದೇ ಮಾತು ಹೇಳೋದು ಸಹಜ. ಆವತ್ತು ಮನೇಲಿದ್ದ ಮೂರನೆಯವರು ಬಂದು ಹೇಳಲಿ. ಅಲ್ಲೀತನಕ ನನ್ನ ಒಪ್ಪಿಗೆ ಇಲ್ಲ."

"ಮೂರನೆಯವರು ಹೊರಗೆ ಬರೋ ಹಾಗಿದ್ದಿದ್ರೆ ನಾವ್ಯಾಕೆ ಗೆರೆ ಎಳೀತಿದ್ವಿ ಮೇಷ್ಟ್ರೇ!" ಅಂತ ನಾನು ಕಿರುಚಿದೆ. ಅವರು ಗೆರೆಯನ್ನ ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಒರೆಸಿದರು. ಬೀದಿಯವರಿಗೆಲ್ಲ ನಿಜ ಗೊತ್ತಿತ್ತು, ಆದರೆ ಬೀದಿ ಉಳಿಸಿದ ಮೇಷ್ಟ್ರಿಗೆ ಎದುರಾಗಿ ಸಾಕ್ಷಿ ನಿಲ್ಲೋರು ಯಾರೂ ಇರಲಿಲ್ಲ. ಉಳಿದ ನಾಲ್ಕು ಜನ ತಲೆ ತಗ್ಗಿಸಿಕೊಂಡು ಎದ್ದುಹೋದರು.

ಮಾರನೇ ದಿನ ಅವರು ಕಾವಲುಮನೆಗೇ ಬಂದರು. ಪರದೆಗಳ ಮಧ್ಯೆ ಕೊಡೆ ಹಿಡ್ಕೊಂಡು ನಿಂತಿದ್ದರು. ನಾನು ಕೂತ್ಕೊಳ್ಳಿ ಅನ್ನಲಿಲ್ಲ.

"ಪ್ರಭಾ, ನಿಮ್ಮತ್ತೆ ಚಟ್ಟದ ಬಲಗಡೆ ಹೆಗಲು ನಂದೇ. ಮರೆತಿಲ್ಲಮ್ಮ."

"ಮತ್ತೆ ನಿನ್ನೆ ನಾಲಿಗೆ ಎಲ್ಲಿ ಹೋಗಿತ್ತು?"

"ವಿನುತಾಗೆ ಎರಡು ಸಲ ನಿಲ್ಲಲಿಲ್ಲ, ನಿಂಗೊತ್ತು. ಈಗ ಮೂರನೇದು, ಏಳು ತಿಂಗಳು. ನಾಳಿದ್ದು ಬಾಣಂತನಕ್ಕೆ ಬರ್ತಿದಾಳೆ. ರಕ್ತದೊತ್ತಡ ಮೇಲಕ್ಕೆ ಹೋಗಬಾರದು, ಯಾವ ಚಿಂತೆಯನ್ನೂ ಕೊಡಬೇಡಿ ಅಂದಿದಾರೆ ಡಾಕ್ಟ್ರು. ಆ ಮದುವೆ ಫೋಟೋನ ದೊಡ್ಡದು ಮಾಡಿಸಿ ಗೋಡೆಗೆ ಹಾಕ್ಕೊಂಡಿದಾಳೆ ಕಣಮ್ಮ. ಅದು ಹೆಣ ತೆಗೆದ ಕಂಡಿ ಅಂತ ಸಭೆ ತೀರ್ಮಾನ ಮಾಡಿದ್ರೆ, ಆ ಎರಡು ಹೋಗಿದ್ದು ಯಾತಕ್ಕೆ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಐದು ಅಂತ ಲೆಕ್ಕ ಹಾಕ್ತಾಳೆ. ಇದನ್ನೂ ಹಾಕ್ತಾಳೆ." ಮುದುಕರು ಕೊಡೆ ಹಿಡಿಯನ್ನ ತಿರುವಿದರು. "ಹೆರಿಗೆ ಆಗಲಿ. ಆಮೇಲೆ ನಾನೇ ಗೆರೆ ಎಳೀತೀನಿ."

ನಾನು ಪರದೆ ತಿರುಗಿಸಿ ತೋರಿಸಿದೆ. ಮಳೆಗಾಲ, ಅದರ ಮೇಲೆ ಎರಡು ಅಂಚೂ ಹತ್ತಿರವಾದಷ್ಟೂ ಹುಳ ಇನ್ನೂ ಜೋರಾಗಿ, ದಿನಕ್ಕೆ ಅರ್ಧ ಬೆರಳು ಬೆಳೀತಿತ್ತು. ಇನ್ನೊಂದು ತಿಂಗಳಿಗೆ ನಮ್ಮ ಬಾಗಿಲು ಪೂರ್ತಿ ಗೋಡೆ. ತಗಾದೆ ಬಿದ್ದ ಗೋಡೇಲಿ ಒಂದ್ಸಲ ಎರಡು ಅಂಚೂ ಕೂಡಿಕೊಂಡರೆ ನಕ್ಷೆ ಒಪ್ಪಿತು ಅಂತ ಯಂತ್ರ ಮುದ್ರೆ ಹಾಕುತ್ತೆ, ಆಮೇಲೆ ತಿದ್ದುಪಡಿ ಇಲ್ಲವೇ ಇಲ್ಲ. ಚಾವಡಿ ಬಿದ್ದ ಮೇಲೆ ಆ ನಿಯಮ ಹಾಕಿಸಿದ್ದೂ ಇವರೇ. ಮೇಷ್ಟ್ರು ನೋಡಿದರು, ಕೊಡೆ ಊರಿಕೊಂಡು ಹೋದರು.

ಮನೆಗೆ ಬಂದು ನಾನು ಬಾಯಿಗೆ ಬಂದ ಹಾಗೆ ಬೈದೆ. "ಅವರ ಮಗಳ ಚಿಂತೆ ಅವರಿಗೆ, ನಮ್ಮ ಮನೆಯವರನ್ನ ಜೀವಂತ ಹೂಳಿದ್ರೂ ಪರವಾಗಿಲ್ಲ! ಹೊಟ್ಟೇಲಿರೋದು ಮಾತ್ರ ಜೀವ, ಕುರ್ಚೀಲಿರೋದು ಜೀವ ಅಲ್ವಾ?" ಅಂತ ಎಲ್ಲ ಕಕ್ಕಿಬಿಟ್ಟೆ. ಅತ್ತಿಗೆ ಬಿಟ್ಟ ಗುಂಡಿ ಹೊಲೀತಾ ಕೇಳಿಸಿಕೊಂಡರು. "ಏಳು ತಿಂಗಳಾ?" ಅಂದರು ಒಂದೇ ಮಾತು.

ಆಮೇಲೆ ಗುಂಡಿಯ ದಾರ ಹಲ್ಲಲ್ಲಿ ಕಚ್ಚಿ ಹರಿದು, "ಇನ್ನೊಂದು ಅಮಾವಾಸ್ಯೆಗೆ ಗೆರೆ ಎಳೆಸೋ ಗೋವಿಂದು" ಅಂತ ತಮ್ಮನಿಗೆ ಹೇಳಿದರು. "ನಾನೇ ಬಂದು ಸಾಕ್ಷಿ ಹೇಳ್ತೀನಿ."

"ಹೆಂಗಕ್ಕಾ ಬರ್ತೀಯ?"

"ಇರೋದು ಒಂದೇ ದಾರಿ ಅಲ್ವೇನೋ."

ಕಂಡಿ ಅಂದ್ರೆ ಮುಖ ತಿರುಗಿಸ್ತಿದ್ದ ಹೆಂಗಸು! ಒಂದೇ ಒಂದು ಸಲ ಆ ಪಾಪ ಮಾಡಿ ಹೊರಗೆ ಬಂದು ನಿಜ ಹೇಳಿದರೆ, ಬಾಗಿಲು ವಾಪಸ್ ಬರುತ್ತೆ, ಆಮೇಲೆ ಬೇಕಾದ ಶಾಂತಿ ಮಾಡಿಸಿಕೊಳ್ಳಬಹುದು ಅಂತ ಅವರ ಲೆಕ್ಕ. ನಾನು ಅವರ ಕಾಲು ಹಿಡ್ಕೊಂಡೆ. ಸ್ಪರ್ಶ ಗೊತ್ತಾಗದ ಕಾಲು, ಆದರೂ ತಲೆ ಸವರಿದರು.

ನಮ್ಮದು ಉಳಿದುಹೋದ ತಗಾದೆ ಅಂತ ಈ ಸಲ ಸರದಿ ಕಾಯಬೇಕಾಗಿರಲಿಲ್ಲ. ಅಮಾವಾಸ್ಯೆಗೆ ಗೆರೆ ಬಿತ್ತು. ಹುಣ್ಣಿಮೆ ಹೊತ್ತಿಗೆ ಬಾಗಿಲಲ್ಲಿ ನನ್ನ ಕೈ ತೂರುವಷ್ಟು ಮಾತ್ರ ಸಂದು. ನಾವಿಬ್ಬರೂ ಕಂಡೀಲೇ ಓಡಾಡೋದಕ್ಕೆ ಶುರು ಮಾಡಿದ್ವಿ, ಹೊಟ್ಟೆಪಾಡು ಕೇಳಬೇಕಲ್ಲ. ಅತ್ತಿಗೆ ನೋಡದ ಹಾಗೆ ಹೋಗಿ ಬರ್ತಿದ್ವಿ, ಅವರೂ ನೋಡದ ಹಾಗೆ ಇರ್ತಿದ್ದರು.

ಹುಣ್ಣಿಮೆ ದಿನ ಬೆಳಿಗ್ಗೆ ಅತ್ತಿಗೆ ತಲೆಗೆ ಎರೆದುಕೊಂಡು, ರೇಷ್ಮೆ ಸೀರೆ ಉಟ್ಟು, ಹೂ ಮುಡಿದರು. ಮನೆಯವರು 'ಅಕ್ಕಾ, ಕಣ್ಣು ಮುಚ್ಚಿಕೋ' ಅಂದರು. "ಯಾಕೆ ಮುಚ್ಚಲಿ, ನನ್ನ ಜೀವ ಹೋಗಿದೆಯಾ?" ಅಂತ ಗದರಿದರು. ಕುರ್ಚಿ ಕಂಡಿ ಹತ್ತಿರ ಬಂದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒಡೆದುಹೋಯಿತು. ಕಮಾನಿನ ಕೆಳಗೆ ಹೋಗೋವಾಗ ಅವರ ಬಾಯಲ್ಲಿ 'ಅಮ್ಮಾ, ಅಮ್ಮಾ' ಅಂತ ಸಣ್ಣಗೆ ಬರ್ತಿತ್ತು. ಸಂದಿ ದಾಟಿ ಬೀದಿಗೆ ಬಂದ ಮೇಲೆ ಬಿಸಿಲು ಬಿತ್ತು. ಎಷ್ಟು ದಿನದ ಮೇಲೆ ಅವರ ಮುಖದ ಮೇಲೆ ಬಿಸಿಲು!

ಬೀದಿಗೆ ಬೀದಿಯೇ ನೆರೆದಿತ್ತು. ಗೆರೆ ಗೋಡೆ ಮೇಲೆ ಬೆಳ್ಳಗೆ ಇತ್ತು. ಮೇಷ್ಟ್ರು ಜಗಲಿ ಮೇಲೆ ಕೂತಿದ್ದರು, ಮುಖ ಬೂದಿ ಬೂದಿ. "ಅಲಮೇಲಮ್ಮ, ಆವತ್ತು ಕಂಡಿದ್ದನ್ನ ಹೇಳಿ" ಅಂದರು. ತಪ್ಪಿಸಿಕೊಳ್ಳೋದಕ್ಕೆ ಅವರಿಗೂ ದಾರಿ ಇರಲಿಲ್ಲ.

ಅತ್ತಿಗೆ ಬಾಯಿ ತೆರೆಯೋದಕ್ಕೆ ಮುಂಚೆ ಜನರನ್ನ ಸರಿಸಿಕೊಂಡು ವಿನುತ ಬಂದಳು. ಒಂಬತ್ತಕ್ಕೆ ಬಿದ್ದಿತ್ತು. ಕಾಲು ಊದಿ, ಒಂದು ಕೈ ಸೊಂಟಕ್ಕೆ, ಉಸಿರು ಮೇಲೆ ಕೆಳಗೆ. ಮನೇಲಿ ಮಲಗಿರು ಅಂತ ಅವರಮ್ಮ ಹಿಂದೆಯೇ ಓಡಿ ಬಂದರು.

"ಅಲಮೇಲತ್ತೆ" ಅಂದಳು. "ನಲ್ಲಿ ನೀರಿನ ಹತ್ತಿರ ಹೆಂಗಸರು ಏನೇನೋ ಮಾತಾಡ್ಕೊತಿದಾರೆ. ನಾನು ಬಂದ ತಕ್ಷಣ ಮಾತು ನಿಲ್ಲಿಸ್ತಾರೆ. ಅಪ್ಪನ್ನ ಕೇಳಿದ್ರೆ ಎದ್ದು ಹೋಗ್ತಾರೆ. ನೀವು ನನ್ನ ಹತ್ತಿರ ಸುಳ್ಳು ಹೇಳಲ್ಲ. ನಾನು ನಿಂತಿದ್ದೆನಲ್ಲ ಆ ಬಾಗಿಲು, ಅದು... ಅಜ್ಜಿ ಹೆಣ ತೆಗೆದ ಕಂಡಿನಾ?"

ಅವಳ ತುಟಿ ಬಿಳಿಚಿಕೊಂಡಿತ್ತು. ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೌದು ಅನ್ನಿ ಅತ್ತಿಗೆ, ಹೌದು ಅಂದುಬಿಡಿ ಅಂತ ನಾನು ಮನಸ್ಸಲ್ಲೇ ಚೀರ್ತಿದ್ದೆ. ಆ ಹುಡುಗಿ ಹಾಳಾಗಿ ಹೋಗಲಿ ಅಂತಲೂ ಅಂದ್ಕೊಂಡೆ, ಸುಳ್ಳು ಯಾಕೆ ಹೇಳಲಿ.

ಅತ್ತಿಗೆ ಗೆರೆ ನೋಡಿದರು. ಅವಳ ಹೊಟ್ಟೆ ನೋಡಿದರು. ಆಮೇಲೆ ನಕ್ಕರು. ರವಿಕೆ ಬಿಗಿಯಾಯ್ತು ಅಂತ ಯಾರಾದ್ರೂ ದೂರು ತಂದಾಗ ನಗ್ತಿದ್ದರಲ್ಲ, ಅದೇ ನಗು.

"ಯಾವ ಮುಂಡೇರು ಹೇಳಿದ್ದೇ ನಿಂಗೆ? ಅದು ನಮ್ಮ ಮನೆ ಹಳೇ ಬಾಗಿಲು ಕಣೇ. ನಾನು ಹುಟ್ಟೋದಕ್ಕೆ ಮುಂಚಿನದು, ನೀನು ಹುಟ್ಟೋ ಹೊತ್ತಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ವಿ, ಈಗ ಹುಳ ಮತ್ತೆ ತೆರೀತು. ನೋಡು, ಈಗ ತಾನೇ ಅದರಲ್ಲೇ ಬಂದೆ, ತಲೆ ತುಂಬ ಹೂ ಮುಡ್ಕೊಂಡು. ಹೆಣದ ಕಂಡೀಲಿ ನಾನು ಬರ್ತೀನೇನೇ? ನಾನು, ಅಲಮೇಲು?"

"ಅತ್ತಿಗೇ!" ಅಂತ ಕೂಗಿದೆ. ನಮ್ಮನೆಯವರು ಗೋಡೆಗೆ ಒರಗಿ ಕುಸಿದು ಕೂತರು.

"ಸುಮ್ಮನಿರೇ ಪ್ರಭಾ. ಈ ನನ್ನ ತಮ್ಮನಿಗೆ ಬೀದಿ ಕಡೆ ಬಾಗಿಲೂ ಉಳೀಬೇಕು ಅಂತ ಆಸೆ, ಅದಕ್ಕೆ ಕತೆ ಕಟ್ಟಿದಾನೆ. ಮೇಷ್ಟ್ರೇ, ಆ ಬಟ್ಟೆ ಇಲ್ಲಿ ಕೊಡಿ."

ಮೇಷ್ಟ್ರು ಏಳಲಿಲ್ಲ. ವಿನುತಾನೇ ಒದ್ದೆ ಬಟ್ಟೆ ಹಿಂಡಿ ತಂದುಕೊಟ್ಟಳು. ಅತ್ತಿಗೆ ಕುರ್ಚಿ ಉರುಳಿಸಿಕೊಂಡು ಗೋಡೆ ಹತ್ತಿರ ಹೋಗಿ, ಕೈಗೆ ಎಟುಕುವಷ್ಟು ಗೆರೆ ಒರೆಸಿದರು. ಮೇಲಿನ ಅಡ್ಡಗೆರೆ ಎಟುಕಲಿಲ್ಲ. ಅದನ್ನ ವಿನುತ ಒರೆಸಿದಳು, ಅವಳ ಮುಖಕ್ಕೆ ಆಗಲೇ ರಕ್ತ ಬಂದಿತ್ತು. "ಅಬ್ಬಾ, ನಂಗೆ ಎಂಥ ಭಯ ಆಗಿತ್ತು ಗೊತ್ತಾ ಅತ್ತೆ" ಅಂತ ಅವರ ಭುಜಕ್ಕೆ ಹಣೆ ಇಟ್ಟು ಅತ್ತಳು.

"ಹೋಗು, ಹೋಗಿ ಮಲಕ್ಕೋ" ಅಂದರು ಅತ್ತಿಗೆ. ಆಮೇಲೆ ನನ್ನ ಕಡೆ ತಿರುಗಿ, "ನಡಿಯೇ, ಒಳಗೆ ಹೋಗೋಣ" ಅಂದರು. ಒಳಗೆ ಅಂದ್ರೆ ಮತ್ತೆ ಅದೇ ಕಂಡಿ.

ಆ ದಿನ ನನ್ನ ಸಿಟ್ಟು ಇಳಿಯಲಿಲ್ಲ. ಊಟ ಬಡಿಸಿ ತಟ್ಟೆ ಕುಕ್ಕಿದೆ. ಅವರು ತಲೆ ಬಗ್ಗಿಸಿ ಉಂಡರು.

ಮುಂದಿನ ವಾರ ನಾನು ಕೆಲಸದಲ್ಲಿರೋವಾಗಲೇ ಅದು ಆಯಿತು. ಪರದೆ ಮೇಲೆ ಲಾಯದ ಬೀದಿಯ ಕೊನೇ ಮನೆಯ ಕೆಂಪು ಒಂದ್ಸಲ ಮಿನುಗಿ ಆರಿತು. ಹಸಿರಾಯಿತು. ಕೆಳಗೆ ಅಕ್ಷರ ಮೂಡಿದವು. 'ವ್ಯತ್ಯಾಸ: ಇಲ್ಲ.' ಸುತ್ತಮುತ್ತ ಎಲ್ಲ ಮನೆಗಳೂ ಹಸಿರು. ಆಚೆ ಮೇಜಿನ ಹುಡುಗರು ಲಾಯದ ಬೀದಿ ಪೂರ್ತಿ ಸರಿಹೋಯ್ತು ಅಂತ ಚಪ್ಪಾಳೆ ತಟ್ಟಿದರು, ಪಾಪ ಅವರಿಗೇನು ಗೊತ್ತು. ಫಿರ್ದೋಸ್ ಮೇಡಂ ಬಂದು ನನ್ನ ಪರದೆ ಆರಿಸಿ, "ಮನೆಗೆ ಹೋಗಿ" ಅಂದರು.

ಹೋದೆ. ಬೀದಿ ಕಡೆ ನುಣ್ಣನೆ ಗೋಡೆ. ಬೆಳಿಗ್ಗೆ ನಾನು ಬಿಟ್ಟ ರಂಗೋಲಿ ಆ ಗೋಡೆ ಬುಡದಲ್ಲಿ ಹಾಗೇ ಇತ್ತು. ಥೂ ನಿನ್ನ, ಅಂತ ಗೋಡೆಗೆ ಗುದ್ದಿದೆ, ಕೈ ತರಚಿತು. ಮೇಷ್ಟ್ರು ತಮ್ಮ ಕಿಟಕಿಯಿಂದ ನೋಡ್ತಿದ್ದರು, ನಾನು ತಿರುಗಿದ ಕೂಡಲೇ ಒಳಗೆ ಸರಿದರು. ಸಂದಿಗೆ ಹೋಗಿ, ಕಣ್ಣು ಮುಚ್ಚಿ, ಕಂಡಿ ದಾಟಿದೆ.

ಹಜಾರದಲ್ಲಿ ಮರದ ಬಾಗಿಲು ಇನ್ನೂ ಇದೆ. ಅತ್ತಿಗೆ ಅದರ ಎರಡೂ ಕದ ತೆರೆದು ಅದರ ಮುಂದೆ ಕೂತಿದ್ದರು. ಕದದ ಆಚೆ ಬೆಳ್ಳನೆ ಸುಣ್ಣ, ಇನ್ನೂ ಹಸಿ. ಅವರು ಅಂಗೈ ಇಟ್ಟು ಅದನ್ನ ಮುಟ್ಟಿ ನೋಡ್ತಿದ್ದರು. ನಾನು ಬಂದಿದ್ದು ಗೊತ್ತಾಗಿ ಕದ ಹಾಕಿ ಅಗುಳಿ ಸರಿಸಿದರು. ಕಣ್ಣು ಕೆಂಪಗಿತ್ತು.

"ಸಂಜೆ ಆಯ್ತಲ್ಲೇ ಪ್ರಭಾ. ಬಾಗಿಲಿಗೆ ದೀಪ ಇಡು."

"ಯಾವ ಬಾಗಿಲಿಗೆ ಅತ್ತಿಗೆ?"

ಅವರು ಅರಿಶಿನ ಕುಂಕುಮದ ಬಟ್ಟಲು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿ ಉರುಳಿಸಿಕೊಂಡು ಕಂಡಿ ಹತ್ತಿರ ಹೋದರು. ಅವರಮ್ಮನ ಚಟ್ಟ ಉಜ್ಜಿಕೊಂಡು ಹೋದ ಕಲ್ಲಿಗೆ ಬಗ್ಗಿ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು. ಆಮೇಲೆ ಕೈ ನೀಡಿದರು. ನಾನು ದೀಪ ತಂದು ಅವರ ಕೈಗೆ ಕೊಟ್ಟೆ.